ಮೂರನೇ ಮಹಡಿಯ ಕೆಂಪು ಪೆನ್ನು

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಬೆಳಿಗ್ಗೆ ಆರೂಕಾಲಿಗೆ ಯಾರಾದರೂ ಸೂರ್ಯೋದಯದ ಚಿತ್ರ ಹಾಕಿ ಗುಡ್ ಮಾರ್ನಿಂಗ್ ಅಂದರೆ, ಮರುನಿಮಿಷಕ್ಕೇ ಮೂರನೇ ಮಹಡಿಯಿಂದ ಉತ್ತರ ಬರುತ್ತದೆ. ಪ್ರತಿನಮಸ್ಕಾರವಲ್ಲ, ತಿದ್ದುಪಡಿ. ಗುಡ್‌ನಲ್ಲಿ ಎರಡು ಓ ಇರಬೇಕಾದ ಕಡೆ ಒಂದೇ ಒಂದು ಯು ಕೂತಿದೆಯಂತೆ, ಮಾರ್ನಿಂಗ್‌ನಲ್ಲಿ ಸ್ವರಗಳೇ ನಾಪತ್ತೆಯಂತೆ. "ಎಂ, ಆರ್, ಎನ್, ಜಿ! ಇದು ಬೆಳಗೋ, ಸ್ಕೂಟರ್ ನಂಬರೋ?"

ಮೇಷ್ಟ್ರು 34 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು. ಅವರು ನಿವೃತ್ತರಾದರು, ಅವರ ಕೆಂಪು ಪೆನ್ನಿಗೆ ಮಾತ್ರ ಯಾರೂ ಹಾರ ಹಾಕಿ ಕಳಿಸಿಕೊಡಲಿಲ್ಲ. ಮದುವೆಗೆ ಹೋದರೆ ಮುಯ್ಯಿ ಕವರಿನಲ್ಲಿ 101 ರೂಪಾಯಿ, ಅದರ ಜೊತೆಗೆ ತಿದ್ದಿದ ಲಗ್ನಪತ್ರಿಕೆ. ಹುಡುಗಿಯ ತಂದೆ ಧಾರೆಯ ಗಡಿಬಿಡಿಯಲ್ಲೂ ಹತ್ತಕ್ಕೆ ಎಷ್ಟು ಬಂತು ಅಂತ ನೋಡಿಕೊಳ್ಳಬೇಕು.

ಒಮ್ಮೆ ನಮ್ಮ ರಸ್ತೆಯ ಪುಸ್ತಕದಂಗಡಿಯವನ ಮೇಲೆ ಬಿದ್ದರು. ಬೋರ್ಡಿನಲ್ಲಿ ಸ್ಟೇಷನರಿ ಅನ್ನುವ ಪದದ ಕೊನೆಯಲ್ಲಿ ಇ ಇರಬೇಕಾದ ಕಡೆ ಎ ಬರೆಸಿದ್ದ. "ಎ ಹಾಕಿದರೆ ನಿಂತಲ್ಲೇ ನಿಂತದ್ದು ಅಂತ ಅರ್ಥ ಕಣಯ್ಯಾ!" ಆತ ಗಲ್ಲಾಪೆಟ್ಟಿಗೆ ಎಳೆದು ಒಳಗೆ ತೋರಿಸಿದ. "ಎರಡು ವರ್ಷದಿಂದ ವ್ಯಾಪಾರ ನಿಂತಲ್ಲೇ ನಿಂತಿದೆ ಸಾರ್. ಬೋರ್ಡು ಸರಿಯಾಗೇ ಇದೆ."

ಅವರಿಗೆ ನಿಜವಾದ ಗಾಯವಾದದ್ದು ಎರಡನೇ ಮಹಡಿಯ ಸಾಫ್ಟ್‌ವೇರ್ ಹುಡುಗನಿಂದ. ಅಸೋಸಿಯೇಷನ್ ಕಾರ್ಯದರ್ಶಿ ಅವನೇ. ನೀರಿನ ಟ್ಯಾಂಕು ತೊಳೆಸುವ ಬಗ್ಗೆ ಮೇಷ್ಟ್ರು ಹನ್ನೆರಡು ಸಾಲು ಬರೆದರೆ, ಅವನು ಕೊಟ್ಟ ಉತ್ತರ ಬರೀ 'ಕೆ'. "ಓ ಎಲ್ಲಿ ಹೋಯ್ತು? ಓ ಅನ್ನೋಕೂ ಸೋಮಾರಿತನವೇ?" ನಾನು ಸಮಾಧಾನ ಮಾಡಲು ಹೋಗಿ ಕೆಟ್ಟೆ. ಓಕೆ ಹುಟ್ಟಿದ್ದೇ ತಪ್ಪು ಕಾಗುಣಿತದಿಂದ ಸಾರ್, 1839ರಲ್ಲಿ ಬಾಸ್ಟನ್ನಿನ ಪತ್ರಿಕೆಯೊಂದು ಆಲ್ ಕರೆಕ್ಟ್ ಅನ್ನುವುದನ್ನು ತಮಾಷೆಗೆ ಬೇಕಂತಲೇ ಓ ಮತ್ತು ಕೆ ಹಾಕಿ ಬರೆಯಿತು, ಇರುವ ಎರಡಕ್ಷರವೂ ತಪ್ಪು, ಹುಡುಗ ಒಂದನ್ನು ಬಿಟ್ಟಿದ್ದಾನೆ, ತಪ್ಪು ಅರ್ಧ ಕಮ್ಮಿಯಾಯಿತಲ್ಲ ಅಂದೆ. ಎರಡು ದಿನ ನನ್ನ ಜೊತೆ ಮಾತಿಲ್ಲ.

ಮೂರನೇ ದಿನ ಅವರೇ ಬಂದರು, ವಾದದ ಸಮೇತ. ಹಿಂದೆ ಎಸ್‌ಎಂಎಸ್‌ಗೆ 160 ಅಕ್ಷರದ ಮಿತಿ ಇತ್ತು, ಆಗ ಮೊಟಕು ಮಾಡಿದ್ದನ್ನು ಕ್ಷಮಿಸಬಹುದು. ಈಗ ರಾಮಾಯಣವನ್ನೇ ಕಳಿಸಿದರೂ ಹೋಗುತ್ತದಲ್ಲ? ತಂತಿಯ ಕಾಲದಲ್ಲಿ ನೀವೂ ಮೊಟಕು ಮಾಡುತ್ತಿದ್ದಿರಿ ತಾನೇ ಅಂದೆ. ಮೇಷ್ಟ್ರು ಕನ್ನಡಕ ತೆಗೆದರು. "ತಂತಿಗೆ ಪದದ ಲೆಕ್ಕದಲ್ಲಿ ಕಾಸು. ಪದ ಉಳಿಸ್ತಿದ್ವಿ ನಿಜ. ಆದರೆ ಹಾಕಿದ ಪದದೊಳಗಿನ ಅಕ್ಷರ ಕದೀತಿರಲಿಲ್ಲ." 2013ರ ಜುಲೈನಲ್ಲಿ ತಂತಿ ಸೇವೆ ನಿಂತ ದಿನ ಇವರು ಮನೆಯವರಿಗೆಲ್ಲ ಅದರ ಗುಣಗಾನ ಮಾಡಿದ್ದರಂತೆ. ಅಕ್ಷರ ಕದಿಯದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಸಾವಿನ ಸುದ್ದಿಯ ಕೆಳಗೆ ಸಾಲಾಗಿ ಬೀಳುವ ಆರ್‌ಐಪಿಗಳನ್ನು ಕಂಡು "ಸತ್ತವನಿಗಾದರೂ ಮೂರು ಪದ ಪೂರ್ತಿ ಕೊಡಬಾರದೇ" ಅಂದಾಗಲೂ ಇರಲಿಲ್ಲ.

ಇಷ್ಟೆಲ್ಲ ಆದರೂ ನವೆಂಬರ್ 1ರಂದು ಇದೇ ಮೇಷ್ಟ್ರು ಗುಂಪಿಗೆ ರಾಜ್ಯೋತ್ಸವದ 'ಶುಭಾಷಯ' ಕಳಿಸುತ್ತಾರೆ. ಶಂಖದ ಶ ಇರಬೇಕಾದ ಜಾಗದಲ್ಲಿ ಷಣ್ಮುಖನ ಷ, ಮುಂದೆ ಮೂರು ಆಶ್ಚರ್ಯಸೂಚಕ. ನನ್ನ ಕೈ ಕಡಿಯುತ್ತದೆ. ಆದರೆ ನನ್ನ ಹತ್ತಿರ ಕೆಂಪು ಪೆನ್ನಿಲ್ಲ.

ಕಳೆದ ತಿಂಗಳು ಅವರು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡರು. ಕಾರ್ಯದರ್ಶಿಗೆ ಸಂದೇಶ ಹೋಯಿತು: ಮಾನ್ಯರೇ ಎಂದು ಶುರು, ತಮ್ಮ ಅವಗಾಹನೆಗೆ ತರುವುದೇನೆಂದರೆ ಎಂದು ಮುಂದುವರಿಕೆ, ಎಲ್ಲವೂ ಅಚ್ಚ ಇಂಗ್ಲಿಷಿನಲ್ಲಿ. ಹುಡುಗನಿಂದ ಎರಡೇ ಅಕ್ಷರ ಬಂತು, ಡಬ್ಲ್ಯೂ ಮತ್ತು ಟಿ. ಅವನು ಹೇಳಿದ್ದು ವೆಯ್ಟ್, ಇವರು ಓದಿಕೊಂಡದ್ದು ವಾಟ್. ಪ್ರಶ್ನಾರ್ಥಕ ಚಿಹ್ನೆ ಹಾಕದ ತಪ್ಪನ್ನು ಮೊದಲು ತೋರಿಸಿ, ಆಮೇಲೆ ಇಡೀ ಪ್ರಸಂಗವನ್ನು ಇನ್ನಷ್ಟು ವಿಸ್ತಾರವಾಗಿ, ಪ್ಯಾರಾ ಬಿಡಿಸಿ ವಿವರಿಸತೊಡಗಿದರು. ಅಷ್ಟರಲ್ಲಿ ಹುಡುಗ ಮೇಲೆ ಓಡಿ, ಕೀಲಿ ತಂದು, ಬಾಗಿಲು ಎಳೆದು ತೆರೆದ. ನಾವು ನಾಲ್ಕು ಜನ ಕೈ ಚಾಚಿ ನಿಂತಿದ್ದೆವು.

ಮೇಷ್ಟ್ರು ಫೋನಿನಿಂದ ತಲೆ ಎತ್ತಲಿಲ್ಲ. "ಒಂದು ನಿಮಿಷ ಇರ್ರಪ್ಪ," ಅಂದರು, "ಪೂರ್ಣವಿರಾಮ ಹಾಕಿಬಿಡ್ತೀನಿ."