ಗಿಟಾರ್ ಸಾಕುವವನು

ಗಿಟಾರ್ ಬಾರಿಸುವವನ ಬೆರಳ ತುದಿಯಲ್ಲಿ ಗಂಟು ಬಿದ್ದಿರುತ್ತದೆ; ಗಿಟಾರ್ ಸಾಕುವವನ ಹುಬ್ಬಿನ ನಡುವೆ. ಈ ಎರಡನೆಯ ಜಾತಿಯವನು ವಿಜಯಪುರ ಜಿಲ್ಲೆಯ ಒಣ ಸೀಮೆಯಲ್ಲಿ ಚೆನ್ನಾಗಿ ಬೆಳೆಯುತ್ತಾನೆ. ಬಸವನ ಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರದಂಥ ಊರಿಗೆ ಸಾಮಾನ್ಯವಾಗಿ ಒಬ್ಬ ಸಾಕು. ಇಬ್ಬರಿದ್ದರೆ ಅವರಿಗೆ ಮಾತುಕತೆ ಇರುವುದಿಲ್ಲ.

ಬಸವಣ್ಣನವರ ತಾಯಿಯ ತವರೆಂದು ಹೆಸರಾದ, ವಚನಗಳನ್ನು ಕಲ್ಲಿನ ಮೇಲೆ ಕೊರೆಸಿಟ್ಟ ಈ ಊರಿನಲ್ಲಿ ಏಕತಾರಿ, ಹಾರ್ಮೋನಿಯಂ, ತಾಳಗಳಿಗೆ ಬರವಿಲ್ಲ. ಎಲೆಕ್ಟ್ರಿಕ್ ಗಿಟಾರ್ ಇತ್ತ ಕಾಲಿಟ್ಟದ್ದು ಮದುವೆ, ಜಾತ್ರೆಗಳ ರಸಮಂಜರಿ ತಂಡಗಳ ಬೆನ್ನಿಗೆ. ಮುಂದೆ ಕೀಬೋರ್ಡ್ ಒಂದೇ ಗಿಟಾರ್, ಕೊಳಲು, ಶಹನಾಯಿ ಎಲ್ಲದರ ದನಿ ತೆಗೆಯತೊಡಗಿದಾಗ ಗಿಟಾರಿನವನಿಗೆ ವೇದಿಕೆಯಲ್ಲಿ ಜಾಗ ಕಡಿಮೆಯಾಯಿತು, ಮನೆಯಲ್ಲಿ ಹೊತ್ತು ಹೆಚ್ಚಾಯಿತು. ಸಾಕುವವನು ಹುಟ್ಟಿದ್ದು ಈ ಬಿಡುವಿನಲ್ಲಿ.

ಇವನ ಹಂಗಾಮು ಹಿಂಗಾರಿ ಜೋಳ ತೆನೆಗಟ್ಟುವಾಗ ಶುರುವಾಗಿ ಮೃಗಶಿರ ಮಳೆಗೆ ಮುಗಿಯುತ್ತದೆ. ಗಿಟಾರಿನ ಕಟ್ಟಿಗೆಗೆ ಹಿತವಾದ ತೇವಾಂಶ ಶೇ. 45ರಿಂದ 55. ಏಪ್ರಿಲ್ ಮಧ್ಯಾಹ್ನ ಬಿಸಿಲು 40 ಡಿಗ್ರಿ ದಾಟುವ ಈ ಭಾಗದಲ್ಲಿ ಗಾಳಿಯ ಪಸೆ ಅದಕ್ಕಿಂತ ಬಹಳ ಕೆಳಗಿಳಿಯುತ್ತದೆ. ಆದ್ದರಿಂದ ಇವನ ಅಂಗಿಯ ಕಿಸೆಯಲ್ಲಿ ಪೆನ್ನಿನ ಜಾಗಕ್ಕೆ ತೇವಾಂಶ ಅಳೆಯುವ ಪುಟ್ಟ ಮಾಪಕ ಇರುತ್ತದೆ. ಕಟ್ಟೆಯ ಮೇಲೆ ಕೂತವರೆಲ್ಲ ಆಲಮಟ್ಟಿ ಜಲಾಶಯ ತುಂಬುವ ಮಟ್ಟವಾದ 519.60 ಮೀಟರಿಗೆ ಎಷ್ಟು ಕಮ್ಮಿ ಇದೆಯೆಂದು ಲೆಕ್ಕ ಹಾಕುತ್ತಿದ್ದರೆ, ಇವನು 0.25 ಮಿಲಿಮೀಟರಿನ ಚಿಂತೆಯಲ್ಲಿರುತ್ತಾನೆ.

ಚಿಂತೆಗೆ ಶಾಸ್ತ್ರದ ಆಧಾರವಿದೆ. ಎಲೆಕ್ಟ್ರಿಕ್ ಗಿಟಾರಿನ ಒಡಲು ದಪ್ಪ ಹಲಗೆ, ಬಣ್ಣ ಬಳಿದದ್ದು. ಬೇಸಿಗೆಗೆ ಅದು ಅಷ್ಟಾಗಿ ಜಗ್ಗುವುದಿಲ್ಲ. ತೊಂದರೆಯೆಲ್ಲ ಕುತ್ತಿಗೆಯಲ್ಲಿ. ಅದರ ಮೇಲಿನ ಬೆರಳುಹಲಗೆ ಬಹಳ ಸಲ ಬೀಟೆಮರದ್ದು. ನಮ್ಮ ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ ಈ ಮರಕ್ಕೆ ಜಗತ್ತಿನ ಗಿಟಾರ್ ಕಾರ್ಖಾನೆಗಳಲ್ಲೆಲ್ಲ ಬೇಡಿಕೆಯಿದೆ. ಮಳೆನಾಡಿನ ಮರ ಇಂಗಳೇಶ್ವರದ ಬಿಸಿಲಿಗೆ ಬಂದರೆ ಬೇಜಾರಾಗುವುದು ಸಹಜ ಎನ್ನುವುದು ಸಾಕುವವನ ವಾದ. ಹಲಗೆಗೆ ಅಡ್ಡಲಾಗಿ ಕೂಡಿಸಿದ ಲೋಹದ ಕಡ್ಡಿಗಳೇ ಫ್ರೆಟ್‌ಗಳು. ಅವುಗಳ ಲೋಹಕ್ಕೆ ನಿಕ್ಕಲ್ ಸಿಲ್ವರ್ ಎಂಬ ಹೆಸರಿದ್ದರೂ ಒಳಗಿರುವುದು ತಾಮ್ರ, ಸತು, ನಿಕ್ಕಲ್; ಬೆಳ್ಳಿಯ ಗುಂಜಿಯೂ ಇಲ್ಲ. ಈ ಸಂಗತಿಯನ್ನು ಮನೆಯವರಿಗೆ ಇವನು ತಿಳಿಸಿರುವುದಿಲ್ಲ.

ಕಟ್ಟಿಗೆ ಒಣಗಿದಾಗ ಉದ್ದಕ್ಕಿಂತ ಅಗಲದಲ್ಲಿ ಹೆಚ್ಚು ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಆಗ ಫ್ರೆಟ್ಟಿನ ತುದಿಗಳು ಹಲಗೆಯ ಅಂಚಿನಿಂದ ಹೊರಗೆ ಚಾಚಿ ಅಂಗೈಯನ್ನು ಗೀರುತ್ತವೆ. ಬಂಡಿಯ ಗಾಲಿಗೂ ಬೇಸಿಗೆಯಲ್ಲಿ ಇದೇ ಗತಿ: ಕಟ್ಟಿಗೆ ಸೊರಗುತ್ತದೆ, ಕಬ್ಬಿಣದ ಹಳಿ ಸಡಿಲಾಗುತ್ತದೆ. ಹೀಗಾಗಿ ಊರಿನ ಹಿರಿಯರಿಗೆ ಈ ರೋಗ ಹೊಸದೇನಲ್ಲ, ಮದ್ದೂ ಗೊತ್ತು. "ಗಾಲಿ ಸಡ್ಲಾದ್ರ ಹಳ್ಳದಾಗ ಒಂದ್ ರಾತ್ರಿ ಕೆಡವತಿದ್ವಿ. ಇದನ್ನೂ ಹಂಗ ಒಗದ್ ಬಾ" ಎನ್ನುತ್ತಾರೆ. ತತ್ವದಲ್ಲಿ ಹಿರಿಯರು ಸರಿ, ಪ್ರಮಾಣದಲ್ಲಿ ತಪ್ಪು. ಆ ಮಾತು ಕೇಳಿದ ರಾತ್ರಿ ಸಾಕುವವನಿಗೆ ನಿದ್ದೆ ಹತ್ತುವುದಿಲ್ಲ.

ಎರಡನೆಯ ರೋಗ ಬಾಗು. ಆರು ತಂತಿಗಳು ಒಟ್ಟು ಸುಮಾರು 45 ಕಿಲೋ ಬಲದಿಂದ ಕುತ್ತಿಗೆಯನ್ನು ಮುಂದಕ್ಕೆ ಜಗ್ಗುತ್ತಿರುತ್ತವೆ. ಆ ಜಗ್ಗಾಟಕ್ಕೆ ಎದುರಾಗಿ ಕುತ್ತಿಗೆಯೊಳಗೆ ಒಂದು ಉಕ್ಕಿನ ಸರಳಿದೆ. ಅಮೆರಿಕದ ಗಿಬ್ಸನ್ ಕಂಪನಿಯಲ್ಲಿದ್ದ ಥಾಡಿಯಸ್ ಮ್ಯಾಕ್‌ಹ್ಯೂ ಬೇಕಾದಂತೆ ಹೊಂದಿಸಬಹುದಾದ ಇಂಥ ಸರಳಿಗೆ 1923ರಲ್ಲಿ ಪೇಟೆಂಟ್ ಪಡೆದ. ಸಾಕುವವನ ಮನೆಯಲ್ಲಿ ಮ್ಯಾಕ್‌ಹ್ಯೂನ ಫೋಟೋ ಇಲ್ಲದಿರುವುದು ಫೋಟೋ ಸಿಗದ ಕಾರಣಕ್ಕೆ ಮಾತ್ರ. ಒಣಹವೆಯಲ್ಲಿ ಕುತ್ತಿಗೆ ಹಿಂದಕ್ಕೆ ವಾಲಿ, ತಂತಿಗಳು ಮೊದಲ ಫ್ರೆಟ್‌ಗಳಿಗೆ ತಾಗಿ ಝೇಂಕರಿಸುತ್ತವೆ. ಪರೀಕ್ಷೆ ಸುಲಭ: ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿದು, ಏಳನೆಯ ಫ್ರೆಟ್ಟಿನ ಹತ್ತಿರ ಸಂದು ನೋಡಬೇಕು. 0.2ರಿಂದ 0.3 ಮಿಲಿಮೀಟರ್ ಇದ್ದರೆ ಕ್ಷೇಮ. ಸಂದೇ ಇಲ್ಲದಿದ್ದರೆ ಸರಳಿನ ತಿರುಪನ್ನು ಎಡಕ್ಕೆ ಕಾಲು ಸುತ್ತು ಸಡಿಲಿಸಿ, ಶ್ರುತಿ ಮಾಡಿ, ಒಂದು ದಿನ ಬಿಟ್ಟು ಮತ್ತೆ ನೋಡಬೇಕು. ಕಾಲು ಸುತ್ತಿಗೆ ಒಂದು ದಿನ ಕಾಯುವ ಈ ಸಂಯಮ ಇವನಿಗೆ ಬೇರೆ ಯಾವ ವಿಷಯದಲ್ಲೂ ಇಲ್ಲ. ಊಟಕ್ಕೆ ಐದು ನಿಮಿಷ ತಡವಾದರೆ ಮನೆ ಎತ್ತಿ ಕುಣಿಯುತ್ತಾನೆ.

ಮೂರನೆಯ ಚಿಂತೆ ಎಣ್ಣೆ. ಬಣ್ಣ ಬಳಿಯದ ಬೀಟೆ, ಕರಿಮರದ ಹಲಗೆಗಳಿಗೆ ವರ್ಷಕ್ಕೆ ಒಂದೆರಡು ಸಲ ಲಿಂಬೆಯ ವಾಸನೆಯ ಖನಿಜ ಎಣ್ಣೆಯನ್ನು ನಾಲ್ಕೇ ಹನಿ ಬಟ್ಟೆಗೆ ಹಾಕಿ ಒರೆಸಿ, ಮಿಕ್ಕಿದ್ದನ್ನು ತಕ್ಷಣ ತೆಗೆಯಬೇಕು. ವಾರ್ನಿಶ್ ಹೊಡೆದ ಮೇಪಲ್ ಹಲಗೆಗೆ ಎಣ್ಣೆಯ ಅಗತ್ಯವೇ ಇಲ್ಲ. "ನಾಕ ಹನಿಗಿ ಅದರ ಹೊಟ್ಟಿ ತುಂಬತೈತೇನ?" ಎಂದು ತಾಯಿ ಕನಿಕರಪಟ್ಟು ಕುಸುಬಿ ಎಣ್ಣೆಯ ಗಿಂಡಿ ತರುತ್ತಾಳೆ. ಕುಸುಬಿ ಎಣ್ಣೆ ರೊಟ್ಟಿ, ಚಟ್ನಿಪುಡಿಗೆ ಅಮೃತ. ಗಾಳಿಗೆ ತೆರೆದಿಟ್ಟರೆ ಕ್ರಮೇಣ ಅಂಟಾಗುವ ಗುಣ ಅದಕ್ಕಿದೆ, ಚಿತ್ರಕಾರರ ಬಣ್ಣಗಳಲ್ಲಿ ಅದನ್ನು ಬಳಸುವುದೂ ಇದೇ ಕಾರಣಕ್ಕೆ. ಹಲಗೆಗೆ ಸುರಿದರೆ ಧೂಳೆಲ್ಲ ಅಲ್ಲೇ ಮನೆ ಮಾಡುತ್ತದೆ. ಇವನು ಅದನ್ನು ವಿವರಿಸಿ ಮುಗಿಸುವಷ್ಟರಲ್ಲಿ ತಾಯಿ ಅದೇ ಎಣ್ಣೆಯನ್ನು ಇವನ ನೆತ್ತಿಗೆ ತಟ್ಟಿರುತ್ತಾಳೆ.

ಫ್ರೆಟ್ ಉಜ್ಜುವ ದಿನ ಮನೆಯಲ್ಲಿ ಶಸ್ತ್ರಚಿಕಿತ್ಸೆಯ ವಾತಾವರಣ. ತಂತಿ ಬಿಚ್ಚಿ, ಹಲಗೆಗೆ ಕಾಗದದ ಟೇಪು ಅಂಟಿಸಿ, ಅತಿ ಸಣ್ಣ ಎಳೆಯ ಉಕ್ಕಿನ ನಾರಿನಿಂದ ಕಡ್ಡಿಗಳನ್ನು ಹೊಳೆಯಿಸಬೇಕು. ತಂತಿಯ ಕಂಪನ ಹಿಡಿಯುವ ಪಿಕಪ್‌ಗಳಲ್ಲಿ ಅಯಸ್ಕಾಂತ ಇರುವುದರಿಂದ ಉದುರಿದ ಉಕ್ಕಿನ ಪುಡಿ ಅವಕ್ಕೆ ಕಚ್ಚಿಕೊಳ್ಳುತ್ತದೆ, ಮೊದಲೇ ಮುಚ್ಚಿರಬೇಕು. ಚಾಚಿದ ತುದಿಗಳನ್ನು ಅರದಿಂದ ಓರೆಯಾಗಿ ಸವರಬಹುದು. ಆದರೆ ಅವಸರ ಸಲ್ಲದು: ಕಟ್ಟಿಗೆಗೆ ಪಸೆ ಮರಳಿದರೆ ತುದಿಗಳು ಎಷ್ಟೋ ಸಲ ತಾವೇ ಒಳಸರಿಯುತ್ತವೆ, ಅರೆದ ಲೋಹ ಮಾತ್ರ ಮರಳಿ ಬರುವುದಿಲ್ಲ. ಈ ಎಚ್ಚರಿಕೆಯನ್ನು ಸಾಕುವವನು ತನ್ನ ಮೊದಲ ಗಿಟಾರಿನ ಮೇಲೆ ಕಲಿತಿರುತ್ತಾನೆ. ಅದು ಈಗ ಅಟ್ಟದ ಮೇಲಿದೆ.

ಪಸೆ ಮರಳಿಸುವುದೇ ಮೂಲ ಮದ್ದು. ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ನೆನೆಸಿ ಹಿಂಡಿದ ಸ್ಪಂಜು ಇಟ್ಟು, ಅದನ್ನು ಗಿಟಾರಿನ ಪೆಟ್ಟಿಗೆಯೊಳಗೆ ಸೇರಿಸಿ ಮುಚ್ಚಿದರೆ ಅರ್ಧ ಕೆಲಸ ಆದಂತೆ. ಉಳಿದರ್ಧ ಕೂಲರಿನದು. ನೀರು ಆವಿಯಾಗಿಸಿ ತಂಪು ಮಾಡುವ ಕೂಲರ್ ಕೋಣೆಯ ತೇವಾಂಶವನ್ನೂ ಏರಿಸುತ್ತದೆ, ಎ.ಸಿ. ಅದನ್ನು ಇಳಿಸುತ್ತದೆ. ಹೀಗಾಗಿ ಮನೆಯ ಏಕೈಕ ಕೂಲರ್ ಗಿಟಾರ್ ಇರುವ ಕೋಣೆಯಲ್ಲಿ ನಿಲ್ಲುತ್ತದೆ. "ನಾವೂ ಮನಿಶ್ಯಾರ ಅದೀವಿ" ಎಂದು ತಂದೆ ಪಡಸಾಲೆಯಿಂದ ನೆನಪಿಸುತ್ತಾರೆ. ಮಗ ಒಪ್ಪುತ್ತಾನೆ, ಮನುಷ್ಯರು ಶೇ. 20ರಲ್ಲೂ ಸೀಳುವುದಿಲ್ಲ ಎಂದು ಸಮಾಧಾನ ಹೇಳುತ್ತಾನೆ.

ಶ್ರಾವಣ ಬಂದಾಗ ಗಾಳಿ ತೊಯ್ದು ಕಟ್ಟಿಗೆ ಉಬ್ಬುತ್ತದೆ, ಕುತ್ತಿಗೆ ಮುಂದಕ್ಕೆ ಬಾಗುತ್ತದೆ, ತಂತಿಗಳು ಮೇಲೇಳುತ್ತವೆ. ಬೇಸಿಗೆಯಲ್ಲಿ ಸಡಿಲಿಸಿದ ತಿರುಪನ್ನು ಇವನು ಈಗ ಬಿಗಿಯಬೇಕು. ಬಾಗೇವಾಡಿಯ ಜಾತ್ರೆಯಲ್ಲಿ ಬಾರಿಸಲು ಯಾರಾದರೂ ಕರೆದರೆ "ಇನ್ನೂ ಸೆಟ್ ಆಗಿಲ್ರಿ" ಎನ್ನುತ್ತಾನೆ. ಸೆಟ್ ಆಗುವಷ್ಟರಲ್ಲಿ ಹಿಂಗಾರಿ ಬಿತ್ತನೆ ಮುಗಿದು ಒಣಗಾಳಿ ಬೀಸತೊಡಗಿರುತ್ತದೆ.

ಇವನಿಂದ ಊರಿಗೆ ನಷ್ಟವಿಲ್ಲ. ಭಜನಾ ಮೇಳದ ಏಕತಾರಿ, ಕುಸ್ತಿಮನೆಯ ಬಾಗಿಲು, ಶಾಲೆಯ ಕೇರಂ ಹಲಗೆ ಒಣಗಿ ಸೊಟ್ಟಗಾದರೆ ಬಿಟ್ಟಿಯಾಗಿ ನೋಡಿಕೊಡುತ್ತಾನೆ, ಮತ್ತು ಇವನು ಹೇಳುವ ಶಾಸ್ತ್ರ ಒಂದಿನಿತೂ ತಪ್ಪಿರುವುದಿಲ್ಲ. ಬಿಟ್ಟುಹೋಗಿರುವುದು ಒಂದೇ ನಿಯಮ: ದಿನಕ್ಕೆ ಅರ್ಧ ಗಂಟೆ ಬಾರಿಸಿದರೆ ಕುತ್ತಿಗೆ ವಾಲಿದ್ದೂ ಫ್ರೆಟ್ ಚಾಚಿದ್ದೂ ಮಾಪಕಕ್ಕಿಂತ ಮೊದಲೇ ಕೈಗೆ ತಿಳಿಯುತ್ತದೆ. ಗಿಟಾರ್ ಇಟ್ಟುಕೊಂಡವರು ಸ್ಪಂಜು, ಕಾಲು ಸುತ್ತು, ನಾಲ್ಕು ಹನಿ, ಇಷ್ಟನ್ನು ಇವನಿಂದ ಕಲಿಯಬೇಕು. ಬಾರಿಸುವುದನ್ನು ಬೇರೆ ಯಾರಿಂದಲಾದರೂ.