ಮಲ್ಲಂದೂರು ಡಯಲ್‌ಅಪ್ ಸಂಹಿತೆ: ನಿದಾನವೂ ನಿಧಾನವೂ

ಉಪೋದ್ಘಾತ

ರೋಗದ ಮೂಲ ಹುಡುಕುವುದನ್ನು ಆಯುರ್ವೇದದಲ್ಲಿ ನಿದಾನ ಎನ್ನುತ್ತಾರೆ. ಅದೇ ಶಬ್ದದ ನಡುವಿನ ಅಕ್ಷರಕ್ಕೆ ಒಂದಿಷ್ಟು ಉಸಿರು ಸೇರಿಸಿದರೆ ನಿಧಾನ. ಮಲ್ಲಂದೂರಿನ ಆಡುಮಾತಿನಲ್ಲಿ ಮಹಾಪ್ರಾಣಕ್ಕೆ ಅಷ್ಟೇನೂ ಮರ್ಯಾದೆ ಇಲ್ಲದ ಕಾರಣ ಎರಡೂ ಒಂದೇ ಆಗಿ ಕೇಳಿಸುತ್ತವೆ. ಪಂಡಿತರು ಇದನ್ನು ಉಚ್ಚಾರದೋಷ ಎಂದು ತಿಳಿದಿದ್ದಾರೆ. ಡಯಲ್‌ಅಪ್ ಇಂಟರ್‌ನೆಟ್ಟಿನಲ್ಲಿ ರೋಗ ಹುಡುಕುವುದೂ ತಡವಾಗುವುದೂ ಒಂದೇ ಕ್ರಿಯೆಯೆಂದು ಆ ಊರಿನ ನಾಲಿಗೆಗೆ ಮೊದಲೇ ಗೊತ್ತಿತ್ತು ಎಂಬುದು ಈ ಪ್ರಬಂಧದ ಪ್ರತಿಜ್ಞೆ.

ಆಕರಗಳು ಮೂರು. ಒಂದು, ಮುತ್ತೋಡಿ ಕಾಡಿನ ದಾರಿಯಲ್ಲಿರುವ ಈ ಊರಿನಲ್ಲಿ ಲೇಖಕನ ದೊಡ್ಡಪ್ಪನ ತೋಟದ ಮನೆಯಲ್ಲಿದ್ದ ವಿಂಡೋಸ್ 98 ಕಂಪ್ಯೂಟರು. ಎರಡು, ಅದರ ಮಾನಿಟರಿನ ಬದಿಗೆ ಅನ್ನದ ಅಂಟಿನಿಂದ ಅಂಟಿಸಿದ್ದ ಚೀಟಿ. ಬಲಮೂಲೆಯನ್ನು ಜಿರಲೆ ತಿಂದಿದ್ದರಿಂದ ಪಾಸ್‌ವರ್ಡಿನ ಕೊನೆಯ ಎರಡು ಅಕ್ಷರಗಳಿಗೆ ಪಾಠಾಂತರಗಳಿವೆ. ಮೂರು, ಅಡುಗೆಮನೆಯಿಂದ ದೊಡ್ಡಮ್ಮ ಆಗಾಗ ದಯಪಾಲಿಸಿದ ಭಾಷ್ಯ. ಕಾಲ: 2001ರ ಜುಲೈ, ಪುನರ್ವಸು ಮಳೆ. ವೈದ್ಯ: ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮುಗಿಸಿದ ತಪ್ಪಿಗೆ ಪೇಟೆಯಿಂದ ಕರೆಸಿಕೊಳ್ಳಲ್ಪಟ್ಟ ಈ ಲೇಖಕ.

ಇತಿಹಾಸ ಖಂಡ

ಬಾಬಾಬುಡನ್ ಯೆಮನ್ನಿನಿಂದ ಏಳು ಕಾಫಿ ಬೀಜ ತಂದರೆಂದು ಪ್ರತೀತಿ. ಕಂಪ್ಯೂಟರಿನ ಲೆಕ್ಕದಲ್ಲಿ ಎಂಟು ಬಿಟ್ ಕೂಡಿದರೆ ಒಂದು ಬೈಟ್. ಆ ಒಂದು ಬಿಟ್ ಅಂದೇ ಕಡಿಮೆಬಿದ್ದದ್ದರಿಂದ ಅವರ ಹೆಸರಿನ ಗಿರಿಶ್ರೇಣಿಯ ಸಂಪರ್ಕಗಳೆಲ್ಲ ಇಂದಿಗೂ ಅಪೂರ್ಣ ಎಂದು ಒಂದು ಪೂರ್ವಪಕ್ಷವಿದೆ. ಏಳು ಬಿಟ್ ದತ್ತಾಂಶಕ್ಕೆ ಎಂಟನೆಯದು ಪ್ಯಾರಿಟಿ, ಅಂದರೆ ಬರೀ ತಾಳೆ ನೋಡಲಿಕ್ಕಿರುವ ಬಿಟ್ ಎಂಬುದನ್ನು ಮರೆತ ಈ ವಾದವನ್ನು ನಾವು ತಿರಸ್ಕರಿಸುತ್ತೇವೆ.

ಸಿದ್ಧಾಂತ ಹೀಗೆ. ದಶಕಗಳ ಕಾಲ ಬೆಳೆಗಾರನು ಬೆಳೆಯನ್ನು ಕಾಫಿ ಮಂಡಳಿಯ ಪೂಲ್‌ಗೆ ಹಾಕಿ, ಕಂತಿನಲ್ಲಿ ಬಂದ ದುಡ್ಡು ಎಣಿಸಿಕೊಂಡು, ರೇಟಿನ ಚಿಂತೆಯಿಲ್ಲದೆ ಮಲಗುತ್ತಿದ್ದ. 1996ರಲ್ಲಿ ಎಲ್ಲ ಬೆಳೆಗಾರರಿಗೂ ಪೂರ್ತಿ ಬೆಳೆಯನ್ನು ತಾವೇ ಮಾರುವ ಸ್ವಾತಂತ್ರ್ಯ ಬಂತು. ಅದರ ಬೆನ್ನಿಗೇ ನಿದ್ದೆಗೇಡೂ ಬಂತು. ಅರೇಬಿಕಾ ರೇಟು ನ್ಯೂಯಾರ್ಕಿನಲ್ಲಿ, ರೋಬಸ್ಟಾ ರೇಟು ಲಂಡನ್ನಿನಲ್ಲಿ, ಕಾಫಿ ಮಾತ್ರ ಮಲ್ಲಂದೂರಿನ ಗೋಡೌನಿನಲ್ಲಿ. ಅದೇ 1996ರಲ್ಲಿ ಚಿಕ್ಕಮಗಳೂರಿನ ಕಾಫಿ ಮನೆತನದ ವಿ.ಜಿ. ಸಿದ್ಧಾರ್ಥ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದು, ಕಾಫಿಯ ಪಕ್ಕದಲ್ಲಿ ಇಂಟರ್‌ನೆಟ್ಟನ್ನು ಕೂರಿಸಿದ್ದರು. ಕಾಫಿಗೂ ಇಂಟರ್‌ನೆಟ್ಟಿಗೂ ಜಾತಕ ಕೂಡಿಬಂದದ್ದಕ್ಕೆ ಇಷ್ಟು ಪುರಾವೆ ಸಾಕು.

ಹಳ್ಳಿಯ ಫೋನಿನ ವಂಶಾವಳಿಯೂ ಕನ್ನಡ ನೆಲದ್ದೇ. ಏರ್ ಕಂಡೀಷನ್ ಬೇಡದ, ಧೂಳು ಸೆಖೆ ತಾಳಬಲ್ಲ, ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕಣ್ಣುಬಿಟ್ಟದ್ದು 1986ರಲ್ಲಿ, ಕಿತ್ತೂರಿನಲ್ಲಿ. ಧೂಳು ಸೆಖೆಗಳನ್ನು ಗೆದ್ದ ಈ ವಂಶ ಮಲೆನಾಡಿಗೆ ಬಂದು ಎದುರಿಸಬೇಕಾದ ಶತ್ರು ಬೇರೆಯೇ ಇತ್ತು.

ಪ್ರಥಮ ಅಂಗ: ನಿದಾನ

ಫೋನ್ ಲೈನ್ ಎಂದರೆ ತಾಮ್ರದ ಎರಡು ಎಳೆ, ಸುಮಾರು 48 ವೋಲ್ಟಿನ ವಿದ್ಯುತ್ತು, 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಮಾರ್ಗ. ಮನುಷ್ಯನ ಮಾತು ನಡೆದುಹೋಗಲೆಂದು ಕಡಿದ ಈ ಕಾಲುದಾರಿಯಲ್ಲಿ ಲಾರಿ ಓಡಿಸುವ ವಿದ್ಯೆಗೆ ಮೋಡೆಮ್ ಎಂದು ಹೆಸರು. ಲಾರಿ ನಿಲ್ಲುವುದಕ್ಕೆ ಕಾರಣ ತ್ರಿದೋಷ.

ವಾತದೋಷ: ಆರಿದ್ರೆಯ ಗಾಳಿಗೆ ಮುರಿದ ಕೊಂಬೆ ತಂತಿಗೆ ಒರಗುವುದು. ಪಿತ್ತದೋಷ: ಹೂಮಳೆಯ ಗುಡುಗಿನಲ್ಲಿ ಸಿಡಿಲಿನ ಶಕ್ತಿ ತಂತಿ ಹಿಡಿದು ಮನೆಯೊಳಗೆ ಬಂದು ಮೋಡೆಮ್ಮನ್ನು ಸುಡುವುದು, ಕರೆಂಟಿನ ಪ್ಲಗ್ ಕಿತ್ತು ಫೋನಿನ ತಂತಿ ಬಿಟ್ಟವನು ಮುಂಬಾಗಿಲು ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟವನು. ಕಫದೋಷ: ಜಾಯಿಂಟಿನಲ್ಲಿ ನೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲ್ಲಂದೂರಿನಲ್ಲಿ ಗೋಡೆ, ಬಟ್ಟೆ, ಬೆಂಕಿಪೊಟ್ಟಣ, ಮನುಷ್ಯ ಎಲ್ಲಕ್ಕೂ ಕಫಪ್ರಕೃತಿಯಾದ್ದರಿಂದ ವೈದ್ಯನಾದವನು ಇದನ್ನೇ ಮೊದಲು ಶಂಕಿಸಬೇಕಿತ್ತು. ಶಂಕಿಸಲಿಲ್ಲ. ಕೋರ್ಸಿನಲ್ಲಿ ಮಳೆಯ ಪಾಠವಿರಲಿಲ್ಲ.

ದ್ವಿತೀಯ ಅಂಗ: ಪೂರ್ವರೂಪ

ರೋಗಕ್ಕೆ ಮುನ್ನ ಕಾಣುವ ಚಿಹ್ನೆಗಳನ್ನು ಇಲ್ಲಿ ಕಿವಿಯಿಂದ ಗ್ರಹಿಸಬೇಕು. ಮಂತ್ರ: ಎಟಿಡಿಟಿ 172222. ‘ಎಟಿ’ ಎಂದರೆ ಮೋಡೆಮ್ಮೇ ಎಚ್ಚರಾಗು, ‘ಡಿ’ ಎಂದರೆ ಡಯಲ್ ಮಾಡು, ‘ಟಿ’ ಎಂದರೆ ಟೋನ್, ಉಳಿದದ್ದು ಇಂಟರ್‌ನೆಟ್ ಸೇವೆಯ ಫೋನ್ ನಂಬರು. ಅಂಕಿಗಳ ನಡುವೆ ಅಲ್ಪವಿರಾಮ ಹಾಕಿದರೆ ಮೋಡೆಮ್ ಎರಡು ಸೆಕೆಂಡ್ ತಡೆಯುತ್ತದೆ. ಛಂದಸ್ಸಿನಲ್ಲಿ ಇದೇ ಯತಿ. ‘ಟಿ’ ಬದಲು ‘ಪಿ’ ಹಾಕಿದರೆ ಪಲ್ಸ್, ಅರ್ಥಾತ್ ನಾಡಿ. ನಾಡಿಮಾರ್ಗದಲ್ಲಿ ಒಂದಕ್ಕೆ ಒಂದು ಮಿಡಿತ, ಏಳಕ್ಕೆ ಏಳು, ನಾಲ್ಕು ಎರಡಕ್ಕೆ ಎಂಟು. ಒಟ್ಟು 16. ದೇವರಿಗೆ ಷೋಡಶೋಪಚಾರ ವಿಧಿಸಿದ ಪೂರ್ವಿಕರಿಗೆ ಈ ನಂಬರು ತಿಳಿದಿತ್ತೇ ಎಂಬುದು ಪ್ರತ್ಯೇಕ ಸಂಶೋಧನೆಗೆ ಅರ್ಹ.

ಆಮೇಲೆ ಆ ಕಡೆಯಿಂದ 2100 ಹರ್ಟ್ಸ್‌ನ ಒಂದು ಕೂಗು. ದಾರಿಯಲ್ಲಿ ಪ್ರತಿಧ್ವನಿ ಅಳಿಸುತ್ತ ಕೂತ ಯಂತ್ರಗಳೇ, ಸ್ವಲ್ಪ ಹೊತ್ತು ಸುಮ್ಮನಿರಿ ಎಂದು ಅದರ ಅರ್ಥ. ಬಳಿಕ ಎರಡೂ ಮೋಡೆಮ್‌ಗಳು ಕಿರುಚಿ, ಗೊರಗುಟ್ಟಿ, ಲೈನಿನ ತಾಕತ್ತು ಅಳೆದು ವೇಗ ಒಪ್ಪಿಕೊಳ್ಳುತ್ತವೆ. ಇಂಗ್ಲಿಷಿನವರು ಇದನ್ನು ಹ್ಯಾಂಡ್‌ಶೇಕ್ ಎಂದರು. ಕೈ ಹಿಡಿಯುವುದಕ್ಕೆ ನಮ್ಮಲ್ಲಿ ಪಾಣಿಗ್ರಹಣ ಎಂಬ ಶಬ್ದ ಮೊದಲಿನಿಂದಲೂ ಇದೆ, ಗಲಾಟೆಯೂ ಅಷ್ಟೇ ಇರುತ್ತದೆ. ಮೋಡೆಮ್ಮಿನ ಡಬ್ಬಿಯ ಮೇಲೆ ಬರೆದ 56ಕೆ ವೇಗ ವಧೂವರರ ಜಾಹೀರಾತಿನ ಎತ್ತರ ಬಣ್ಣಗಳಿದ್ದಂತೆ. ಎಕ್ಸ್‌ಚೇಂಜಿನಿಂದಾಚೆ ಎಲ್ಲವೂ ಡಿಜಿಟಲ್ ಆಗಿ, ಈಚೆಯ ತಾಮ್ರ ಶುದ್ಧವಾಗಿದ್ದರೆ ಮಾತ್ರ ಅದರ ಹತ್ತಿರ ಹೋಗಬಹುದು. ಇಲ್ಲದಿದ್ದರೆ 33.6ಕ್ಕೋ ಅದಕ್ಕೂ ಕೆಳಕ್ಕೋ ಇಳಿದು ರಾಜಿ.

ತೃತೀಯ ಅಂಗ: ರೂಪ

ಡಯಲ್‌ಅಪ್‌ನ ವ್ಯಾಧಿಗಳಿಗೆ ಹೆಸರಿಲ್ಲ, ನಂಬರಿದೆ. ಎಲ್ಲವೂ ಆರುನೂರರ ಮೇಲಿನವು. ಆರರಿಂದ ಶುರುವಾಗುವ ಅರಿಗಳಾದ್ದರಿಂದ ಅರಿಷಡ್ವರ್ಗ ಎಂದರೆ ಇವೇ. 680: ಡಯಲ್ ಟೋನ್ ಇಲ್ಲ. 678: ಆ ಕಡೆ ಎತ್ತುವವರಿಲ್ಲ. 676: ಲೈನ್ ಎಂಗೇಜ್. 691: ಹೆಸರೋ ಪಾಸ್‌ವರ್ಡೋ ತಪ್ಪು, ಚೀಟಿಯ ಪಾಠಾಂತರಗಳನ್ನೆಲ್ಲ ಪ್ರಯೋಗಿಸಿದ ಮೇಲೆ ಕ್ಯಾಪ್ಸ್ ಲಾಕ್ ಒತ್ತಿಹೋಗಿದ್ದು ಕಾಣುತ್ತದೆ. 629: ಕೈ ಹಿಡಿದ ಮೇಲೆ ಬಿಟ್ಟುಹೋದದ್ದು.

629ಕ್ಕೆ ಮಲ್ಲಂದೂರಿನಲ್ಲಿ ಒಂದು ಸ್ಥಳೀಯ ಪ್ರಭೇದವಿದೆ. ಅಡುಗೆಮನೆಯಲ್ಲಿ ಅದೇ ಲೈನಿನ ಇನ್ನೊಂದು ಫೋನ್. ಮೊದಲ ರಾತ್ರಿ ಅಪರೂಪಕ್ಕೆ ಪಾಣಿಗ್ರಹಣವಾಗಿ, ಪರದೆಯ ಮೇಲೆ ಪುಟ ಮೂಡತೊಡಗಿದಾಗ ದೊಡ್ಡಮ್ಮ ತಂಗಿಗೆ ಫೋನ್ ಮಾಡಲೆಂದು ರಿಸೀವರ್ ಎತ್ತಿದರು.

“ಫೋನಲ್ಲಿ ಯಾರೋ ಒಗ್ಗರಣೆ ಹಾಕ್ತಿದ್ದಾರಲ್ಲ ಮಾರಾಯ್ರೇ!”

ಮೋಡೆಮ್ಮಿನ ಧ್ವನಿಗೆ ಇದಕ್ಕಿಂತ ಖಚಿತವಾದ ವ್ಯಾಖ್ಯಾನ ನಾನು ಇನ್ನೂ ಓದಿಲ್ಲ. ಅಷ್ಟರಲ್ಲಿ 629 ಬಂದಿತ್ತು.

ಚತುರ್ಥ ಅಂಗ: ಉಪಶಯ

ಲಕ್ಷಣ ಗೂಢವಾಗಿದ್ದರೆ ಮದ್ದು ಕೊಟ್ಟು ನೋಡಿ ರೋಗ ತಿಳಿಯಬೇಕೆಂದು ಶಾಸ್ತ್ರ. ಲೋಕದ ಕಂಪ್ಯೂಟರ್ ರಿಪೇರಿಯೆಲ್ಲ ಉಪಶಯವೇ.

ಮೊದಲ ಮದ್ದು 680ಕ್ಕೆ. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸ್‌ಗಳ ಜೋಡಿಸ್ವರ; ನಮ್ಮದು 400 ಹರ್ಟ್ಸ್‌ನ ಗುರುಗುರು. ಅಮೆರಿಕದ ಸ್ವರಕ್ಕೆ ಕಿವಿ ತಿದ್ದಿಸಿಕೊಂಡ ಮೋಡೆಮ್, ನಮ್ಮ ಟೋನ್ ಕಿವಿಯಲ್ಲೇ ಮೊಳಗುತ್ತಿದ್ದರೂ ಇಲ್ಲವೆಂದು ಹಟ ಹಿಡಿಯಬಹುದು. ಕಂಟ್ರೋಲ್ ಪ್ಯಾನೆಲ್‌ನ ಮೋಡೆಮ್ ಗುಣಲಕ್ಷಣಗಳಲ್ಲಿ ‘ಡಯಲ್ ಟೋನ್‌ಗೆ ಕಾಯಿ’ ಎಂಬ ಗುರುತು ತೆಗೆಯಬೇಕು, ಅಥವಾ ಮಂತ್ರಕ್ಕೆ ‘ಎಕ್ಸ್3’ ಎಂಬ ಬೀಜಾಕ್ಷರ ಸೇರಿಸಬೇಕು. ಆಗ ಅದು ಸ್ವರಜ್ಞಾನದ ಜಂಬ ಬಿಟ್ಟು ಸೀದಾ ಡಯಲ್ ಮಾಡುತ್ತದೆ. ಮಾಡಿತು. 680 ಹೋಗಿ 678 ಬಂತು. ಇದನ್ನು ಪ್ರಗತಿ ಎಂದು ದಾಖಲಿಸಿಕೊಂಡೆ.

ಎರಡನೆಯ ಮದ್ದು ಪಥ್ಯ: ನೆಟ್‌ಬ್ಯೂಯಿ, ಐಪಿಎಕ್ಸ್‌ಗಳ ಗುರುತು ತೆಗೆದು ಟಿಸಿಪಿ/ಐಪಿ ಒಂದನ್ನೇ ಉಳಿಸುವುದು. ಮೂರನೆಯದು ಪಂಚಕರ್ಮ: ಡಯಲ್‌ಅಪ್ ನೆಟ್‌ವರ್ಕಿಂಗ್ ಕಿತ್ತುಹಾಕಿ, ಮೋಡೆಮ್ ಕಿತ್ತುಹಾಕಿ, ಸಿ.ಡಿ. ಹಾಕಿ, ಎಲ್ಲವನ್ನೂ ಮತ್ತೆ ಕೂರಿಸಿ, ಪ್ರತಿ ಸಲವೂ ರೀಸ್ಟಾರ್ಟ್. ನಡುವೆ ಕರೆಂಟು ಹೋದರೆ ಸ್ಕ್ಯಾನ್‌ಡಿಸ್ಕಿನ ನೀಲಿ ಪರದೆಯ ಮುಂದೆ ಧ್ಯಾನ. ನಾಲ್ಕನೆಯದು ದೊಡ್ಡಮ್ಮನದು: ಮೋಡೆಮ್ಮಿಗೆ ಟರ್ಕಿ ಟವೆಲ್ ಹೊದಿಸಿ ಒಲೆಯ ಹತ್ತಿರ ಒಂದು ಗಂಟೆ ಇಡುವುದು. ಇದರ ಮಹತ್ವ ಮುಂದೆ ತಿಳಿಯಲಿದೆ.

ಮೂರು ದಿನ ಹೀಗೆ ಕಳೆಯಿತು. ಆಗ ನ್ಯೂಯಾರ್ಕಿನ ಪೇಟೆ ತೆರೆಯುತ್ತಿದ್ದದ್ದು ನಮ್ಮಲ್ಲಿ ದೀಪ ಹಚ್ಚುವ ಹೊತ್ತಿಗೆ. ದಿನಾ ಆ ಹೊತ್ತಿಗೆ ದೊಡ್ಡಪ್ಪ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು.

“ಆರು ತಿಂಗಳು ಎಂತ ಕಲ್ತೆ ನೀನು?”

“ಲೈನ್ ಸರಿ ಇಲ್ಲ ಅನ್ಸುತ್ತೆ ದೊಡ್ಡಪ್ಪ.”

“ಲೈನಿಗೆ ಎಂತ ಆಗಿದೆ? ಮಾತಾಡಿದ್ರೆ ಕೇಳ್ತದಲ್ಲ!”

ಪಂಚಮ ಅಂಗ: ಸಂಪ್ರಾಪ್ತಿ

ನಾಲ್ಕನೆಯ ದಿನ ಲೈನ್‌ಮ್ಯಾನ್ ಕೊಡೆ ಹಿಡಿದುಕೊಂಡು ಬಂದರು. ಕಂಪ್ಯೂಟರಿನ ಕಡೆ ತಿರುಗಿಯೂ ನೋಡಲಿಲ್ಲ. ತಂತಿಯ ಹಿಂದೆ ನಡೆಯುತ್ತ ಹೋಗಿ, ತೋಟದೊಳಗೆ ಮೆಣಸಿನ ಬಳ್ಳಿ ಹಬ್ಬಿದ ಒಂದು ಸಿಲ್ವರ್ ಓಕ್ ಕೆಳಗೆ ನಿಂತರು. ಅಲ್ಲಿ ತಂತಿಗೆ ಹಾಲಿನ ಪ್ಯಾಕೆಟ್ಟಿನ ಬ್ಯಾಂಡೇಜು. ಮಳೆಗೆ ಮುಂಚೆ ನೆರಳುಮರಗಳ ಕೊಂಬೆ ಸವರುವ ಮರಗಸಿ ಮಾಡಿಸುವಾಗ ಕತ್ತಿ ತಾಗಿ ತಂತಿ ತುಂಡಾಗಿತ್ತಂತೆ. ಬೈಗುಳಕ್ಕೆ ಹೆದರಿದ ಆಳು ಅದನ್ನು ಹೆಣೆದು ಕಟ್ಟಿ ಸುಮ್ಮನಾಗಿದ್ದ. ಲೈನ್‌ಮ್ಯಾನ್ ಪ್ಯಾಕೆಟ್ ಬಿಚ್ಚಿದಾಗ ಒಳಗಿಂದ ಅರ್ಧ ಲೋಟ ನೀರು, ಹಸಿರುಗಟ್ಟಿದ ತಾಮ್ರ, ಎರಡು ಗೊದ್ದ.

ಸಂಪ್ರಾಪ್ತಿ, ಅಂದರೆ ರೋಗ ಬೆಳೆದ ಬಗೆ, ಸ್ಪಷ್ಟ. ನೀರು ಕೂತ ಜಾಯಿಂಟಿನಲ್ಲಿ ಒಂದೆಳೆಯ ವಿದ್ಯುತ್ತು ಇನ್ನೊಂದಕ್ಕೆ ಸೋರುತ್ತದೆ, ಕಿಲುಬು ಹಿಡಿದ ತಾಮ್ರ ಕರಕರ ಎನ್ನುತ್ತದೆ. ಮನುಷ್ಯರ ಮಾತಿಗೆ ಇದರಿಂದ ಹಾನಿಯಿಲ್ಲ. ಅರ್ಧ ಕೇಳಿದರೆ ಉಳಿದರ್ಧ ನಾವೇ ಊಹಿಸುತ್ತೇವೆ, ಸಂಸಾರಗಳು ನಡೆಯುವುದೇ ಹಾಗೆ. ಮೋಡೆಮ್ಮಿಗೆ ಊಹೆ ಬಾರದು. ಕೇಳದ್ದನ್ನು ಕೇಳಲಿಲ್ಲ ಎಂದೇ ಹೇಳುತ್ತದೆ. ವಿಂಡೋಸ್ ನಿರ್ದೋಷಿ, 172222 ನಿರ್ದೋಷಿ, ಎಕ್ಸ್‌ಚೇಂಜ್ ನಿರ್ದೋಷಿ. ರೋಗ ನಮ್ಮ ತೋಟದಲ್ಲಿ, ನಮ್ಮ ಕತ್ತಿಯಿಂದ. ಒದ್ದೆಯಾದದ್ದನ್ನು ಒಣಗಿಸಬೇಕೆಂಬ ತತ್ತ್ವವನ್ನು ದೊಡ್ಡಮ್ಮ ಸರಿಯಾಗಿಯೇ ಹಿಡಿದಿದ್ದರು. ಹೊದಿಸಿದ ಜಾಗ ಮಾತ್ರ ಇನ್ನೂರು ಮೀಟರ್ ತಪ್ಪಿತ್ತು.

ಫಲಶ್ರುತಿ

ಆ ಸಂಜೆ 26,400 ಬಿಪಿಎಸ್‌ನಲ್ಲಿ ಸಂಪರ್ಕ ಸಿದ್ಧಿಸಿತು. ಸೆಕೆಂಡಿಗೆ ಮೂರು ಚಿಲ್ಲರೆ ಕಿಲೋಬೈಟ್. ಪುಟದ ತಲೆಬರಹ ಮೊದಲು, ಆಮೇಲೆ ಗೆರೆ, ಆಮೇಲೆ ಅಂಕಿ. ದೊಡ್ಡಪ್ಪ ಎರಡು ಗಂಟೆ ಕದಲಲಿಲ್ಲ. ಪೌಂಡಿಗೆ ಇಷ್ಟು ಸೆಂಟ್ ಎಂಬುದನ್ನು 50 ಕಿಲೋ ಮೂಟೆಗೆ ಇಷ್ಟು ರೂಪಾಯಿ ಎಂದು ಕ್ಯಾಲೆಂಡರಿನ ಹಿಂದೆ ಗುಣಿಸಿದರು. ಅಂಕಿ ನೋಡನೋಡುತ್ತ ಇಳಿಯಿತು. ಆ ವರ್ಷ ಮುಗಿಯುವುದರೊಳಗೆ ಅದು 50 ಸೆಂಟಿಗಿಂತಲೂ ಕೆಳಗೆ ಹೋಗಲಿತ್ತು. ನಮಗೆ ಆಗ ಗೊತ್ತಿರಲಿಲ್ಲ.

ಡಿಸ್ಕನೆಕ್ಟ್ ಒತ್ತಿದ ಕ್ಷಣವೇ ಫೋನ್ ರಿಂಗಾಯಿತು. ಪೇಟೆಯ ಕಾಫಿ ವ್ಯಾಪಾರಿ.

“ಸಂಜೆಯಿಂದ ಮಾಡ್ತಾ ಇದೀನಿ, ಬರೀ ಎಂಗೇಜು! ಬೆಳಿಗ್ಗೆ ರೇಟಿಗೇ ಒಬ್ರು ಪಾರ್ಟಿ ಇದ್ರು. ನೀವು ಸಿಗಲಿಲ್ಲ, ಪಕ್ಕದ ತೋಟದವರು ಕೊಟ್ಟುಬಿಟ್ರು.”

ಅರಿಷಡ್ವರ್ಗದಲ್ಲಿ ನಮ್ಮ ಮನೆಗೆ ಒಮ್ಮೆಯೂ ಬಾರದೆ ಉಳಿದಿದ್ದ 676ನ್ನು ಆ ಎರಡು ಗಂಟೆ ನಾವೇ ಊರಿಗೆಲ್ಲ ಹಂಚುತ್ತಿದ್ದೆವು ಎಂದು ಸಂಹಿತೆ ಇಲ್ಲಿ ನಿರ್ಣಯಿಸುತ್ತದೆ. ದೊಡ್ಡಪ್ಪ ರಿಸೀವರ್ ಇಟ್ಟು ಮಾತಾಡದೆ ಕೂತರು. ಕೊನೆಯ ಭಾಷ್ಯ ಅಡುಗೆಮನೆಯಿಂದ ಬಂತು:

“ಲೈನ್ ಕೆಟ್ಟಿದ್ದಾಗ ಫೋನಾದ್ರೂ ಬರ್ತಿತ್ತು.”