ಕ್ಯಾಮೆರಾ ನಮ್ಮದು, ನೋಡುವವರು ಯಾರೋ

ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಮನೆಕೆಲಸದವಳ ಚೀಲ ಬಿಚ್ಚಿಸಿ ನೋಡುತ್ತಾರೆ. ಡೆಲಿವರಿ ಹುಡುಗ ಗೇಟಿನಲ್ಲಿ ಹೆಸರು, ಫೋನ್ ನಂಬರು, ಫ್ಲ್ಯಾಟ್ ನಂಬರು ಎಲ್ಲ ಒಪ್ಪಿಸಬೇಕು. ಅವನಿಗೆ ಲಿಫ್ಟೂ ಬೇರೆ. ಯಾರನ್ನೂ ನಂಬದ ಈ ಸಂಘದವರು ಮೂಲೆಮೂಲೆಗೂ ಸಿಸಿಟಿವಿ ಹಾಕಿಸಿದ್ದಾರೆ.

ಅದರ ಪಾಸ್‌ವರ್ಡ್ ಯಾರ ಹತ್ತಿರ ಇದೆ ಎಂದು ಕೇಳಿ ನೋಡಿ. ಅಧ್ಯಕ್ಷರಿಗೆ ಗೊತ್ತಿಲ್ಲ. ಕಾರ್ಯದರ್ಶಿಗೂ ಗೊತ್ತಿಲ್ಲ. ಕ್ಯಾಮೆರಾ ಹಾಕಿಹೋದ ಹುಡುಗನಿಗೆ ಗೊತ್ತು. ಅವನ ಚೀಲವನ್ನು ಮಾತ್ರ ಯಾರೂ ಬಿಚ್ಚಿಸಲಿಲ್ಲ.

ಆ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಅವನು ಗೋಡೆ ಕೊರೆದ, ವೈರು ಎಳೆದ, ದೃಶ್ಯ ದಾಖಲಿಸುವ ಡಿವಿಆರ್ ತಂದು ರೂಟರ್‌ಗೆ ಚುಚ್ಚಿದ. ದುಡ್ಡು ಕೊಟ್ಟವರು ಕೇಳಿದ್ದು ಒಂದೇ ಪ್ರಶ್ನೆ: 'ಮೊಬೈಲ್‌ನಲ್ಲಿ ಬರುತ್ತಾ?' ಬರಿಸುವುದಕ್ಕೆ ಸುಲಭದ ದಾರಿ ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೊರಗಿನಿಂದ ಒಳಬರಲು ರೂಟರ್‌ನಲ್ಲಿ ನಂಬರಿನ ಬಾಗಿಲುಗಳನ್ನು ತೆರೆದಿಡುವುದು. 80 ತೆರೆ, 554 ತೆರೆ, 8000 ತೆರೆ. ಯೂಸರ್ ನೇಮ್ ಅಡ್ಮಿನ್. ಪಾಸ್‌ವರ್ಡೂ ಅಡ್ಮಿನ್. ಮೊಬೈಲ್‌ನಲ್ಲಿ ಬಂತು. ಅಧ್ಯಕ್ಷರಿಗೆ ಖುಷಿಯೋ ಖುಷಿ. ಊರವರ ಮೊಬೈಲ್‌ನಲ್ಲೂ ಬಂತು ಎಂದು ಅವರಿಗೆ ಹೇಳುವವರಿಲ್ಲ.

ಹೀಗೆ ಬಾಯಿ ತೆರೆದುಕೊಂಡು ಕೂತ ಯಂತ್ರಗಳನ್ನು ಪಟ್ಟಿ ಮಾಡುವುದಕ್ಕೆಂದೇ ಶೋಡಾನ್ ಎಂಬ ಸರ್ಚ್ ಎಂಜಿನ್ 2009ರಿಂದ ಇದೆ. ಕದಿಯುವವನು ಕಾಂಪೌಂಡ್ ಹಾರಬೇಕಿಲ್ಲ. ಹುಡುಕಿದರೆ ಸಾಕು.

2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಬಂತು. ಅದರ ಬಂಡವಾಳ, ಕಾರ್ಖಾನೆಯಲ್ಲಿ ಹಾಕಿಕೊಟ್ಟ 60ಕ್ಕೂ ಹೆಚ್ಚು ಯೂಸರ್ ನೇಮ್-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ. ಅಷ್ಟರಲ್ಲೇ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳು ಅದರ ಕೈವಶವಾದವು. ಬರೆದವರು ಇಪ್ಪತ್ತರ ಆಸುಪಾಸಿನ ಮೂವರು ಅಮೆರಿಕದ ಹುಡುಗರು. ಆ ಕೋಡ್ ಇನ್ಯಾರದೋ ಕೈಗೆ ಸಿಕ್ಕಿ, ಅಕ್ಟೋಬರ್ 21ರಂದು ಹೀಗೆ ಕೈವಶವಾದ ಯಂತ್ರಗಳು ಒಟ್ಟಿಗೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳೇ ತತ್ತರಿಸಿದವು. ಕಳ್ಳರನ್ನು ಹಿಡಿಯಲೆಂದು ಕೊಂಡ ಪೆಟ್ಟಿಗೆ ಕಳ್ಳರ ಗುಂಪಿಗೇ ಸೇರಿಕೊಂಡಿತ್ತು.

ಅದು ಅಮೆರಿಕದ ಕಥೆ ಎನ್ನುವವರಿಗೆ ರಾಜ್‌ಕೋಟ್ ಇದೆ. 2025ರ ಫೆಬ್ರವರಿಯಲ್ಲಿ ಅಲ್ಲಿನ ಹೆರಿಗೆ ಆಸ್ಪತ್ರೆಯೊಂದರಲ್ಲಿ ಹೆಂಗಸರನ್ನು ಪರೀಕ್ಷಿಸುವ ದೃಶ್ಯಗಳು ಟೆಲಿಗ್ರಾಂನಲ್ಲಿ ಮಾರಾಟಕ್ಕಿದ್ದದ್ದು ಬಯಲಾಯಿತು. ವರದಿಗಳ ಪ್ರಕಾರ ಪಾಸ್‌ವರ್ಡ್ 'ಅಡ್ಮಿನ್123'. ಆ ಕೋಣೆಯಲ್ಲಿ ಕ್ಯಾಮೆರಾಗೆ ಏನು ಕೆಲಸ? ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ. ಸುರಕ್ಷತೆಗೆ ಸ್ವಾಮಿ.

ಈಗ ಪೊಲೀಸ್ ಠಾಣೆಗೆ ಬನ್ನಿ. ಪ್ರತಿ ಠಾಣೆಗೂ ಸಿಸಿಟಿವಿ ಹಾಕಿ ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿತು. ಠಾಣೆಗಳಲ್ಲಿ ಕೆಲಸ ಮಾಡುವ ಕ್ಯಾಮೆರಾಗಳಿಲ್ಲ ಎಂಬ ಸುದ್ದಿ ಓದಿ 2025ರಲ್ಲಿ ಅದೇ ಕೋರ್ಟು ತಾನಾಗಿಯೇ ಪ್ರಕರಣ ಎತ್ತಿಕೊಳ್ಳಬೇಕಾಯಿತು. ಹೆರಿಗೆ ಆಸ್ಪತ್ರೆಯ ಕ್ಯಾಮೆರಾ ಯಾವತ್ತೂ ಕೆಡುವುದಿಲ್ಲ. ಲಾಕಪ್ಪಿನದ್ದು ಬೇಕಾದ ದಿನವೇ ಕೆಡುತ್ತದೆ.

ನಮ್ಮ ರಾಜ್ಯದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಇದೆ. ಜನ ಸೇರುವ ಕಡೆ ಕ್ಯಾಮೆರಾ ಇರಲೇಬೇಕು, 30 ದಿನದ ಫುಟೇಜ್ ಉಳಿಸಲೇಬೇಕು. ಎಲ್ಲರೂ ಕಾಯ್ದೆ ಪಾಲಿಸುತ್ತಾರೆ. ಅಂದರೆ, ಸಿಕ್ಕ ಅಗ್ಗದ ಕ್ಯಾಮೆರಾ ತೂಗುಹಾಕುತ್ತಾರೆ. ಕಳವಾದ ಮೇಲೆ ಡಿವಿಆರ್ ತೆರೆದರೆ ಪರದೆಯ ಮೂಲೆಯಲ್ಲಿ 01-01-2000. ಒಳಗಿನ ಬ್ಯಾಟರಿ ಸತ್ತಿದೆ, ಟೈಮ್ ಸರ್ವರ್ ಸೆಟ್ ಮಾಡಿಲ್ಲ. ಕಳ್ಳ ಆ ಕಟ್ಟಡ ಕಟ್ಟುವ ಮೊದಲೇ ಬಂದುಹೋಗಿದ್ದಾನೆ.

ಹೊಸ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಎಂದು ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಿಂದ ಜಾರಿಗೆ ತಂದಿದೆ. ಸಂತೋಷ. ಆದರೆ ಆ ಸರ್ಟಿಫಿಕೇಟು ನಿಮ್ಮ ಮನೆಗೆ ಬಂದು ರೂಟರ್‌ನ ಪೋರ್ಟ್ ಮುಚ್ಚುವುದಿಲ್ಲ.

ಮಾಡಬೇಕಾದದ್ದು ಬ್ರಹ್ಮವಿದ್ಯೆಯೇನಲ್ಲ. ಪಾಸ್‌ವರ್ಡ್ ಬದಲಿಸಿ. ರೂಟರ್‌ನ ಯುಪಿಎನ್‌ಪಿ ಆಫ್ ಮಾಡಿ. ಅದು ನಿಮ್ಮನ್ನು ಕೇಳದೆ ಬಾಗಿಲು ತೆರೆಯುವ ಪರೋಪಕಾರಿ. ಪೋರ್ಟ್ ಫಾರ್ವರ್ಡಿಂಗ್ ಕಿತ್ತುಹಾಕಿ, ಹೊರಗಿನಿಂದ ನೋಡಲೇಬೇಕಿದ್ದರೆ ವಿಪಿಎನ್ ಹಾಕಿ. ರೆಕಾರ್ಡರ್‌ಗೆ ಸ್ಥಿರ ಐಪಿ ಕೊಡಿ. ಇಲ್ಲದಿದ್ದರೆ ಕರೆಂಟು ಹೋಗಿ ಬಂದಾಗ ರೂಟರ್ ಬೇರೆ ವಿಳಾಸ ಕೊಟ್ಟು, 'ಕ್ಯಾಮೆರಾ ಆಫ್‌ಲೈನ್' ಎಂಬ ರೋದನ ಶುರುವಾಗುತ್ತದೆ. ಫರ್ಮ್‌ವೇರ್ ಅಪ್‌ಡೇಟ್ ಮಾಡಿ. ಇದಕ್ಕೆ ಒಂದು ಮಧ್ಯಾಹ್ನ ಸಾಕು. ಆದರೆ ಸಂಘದ ಸಭೆಯ ಮಧ್ಯಾಹ್ನವೆಲ್ಲ ಗೇಟಿಗೆ ಯಾವ ಬಣ್ಣ ಎಂಬ ಚರ್ಚೆಗೇ ಮೀಸಲು.

ಮುಂದಿನ ಸಭೆಯಲ್ಲಿ ಇನ್ನಷ್ಟು ಕ್ಯಾಮೆರಾ ಬೇಕು ಎಂಬ ಪ್ರಸ್ತಾಪ ಬಂದೇ ಬರುತ್ತದೆ. ಕೈ ಎತ್ತುವ ಮೊದಲು ಒಂದು ಮಾತು ಕೇಳಿ: ಈಗಿರುವುದನ್ನು ಯಾರ್‍ಯಾರು ನೋಡುತ್ತಿದ್ದಾರೆ? ಉತ್ತರ ಬರದಿದ್ದರೆ ಆ ದುಡ್ಡಿನಲ್ಲಿ ವಾಚ್‌ಮನ್ ಸಂಬಳ ಹೆಚ್ಚಿಸಿ. ಅವನು ನಿದ್ದೆ ಹೊಡೆಯಬಹುದು. ಆದರೆ ನಿಮ್ಮ ಮನೆಯನ್ನು ಊರಿಗೆಲ್ಲ ಲೈವ್ ತೋರಿಸುವುದಿಲ್ಲ.